ಅಜ್ಜನ ಗಿರಣಿಯ ಮಾರ್ಷಲ್ ಎಂಜಿನ್: ಸುತ್ತಿಗೊಂದು ಧಡ್ ಏಟು, ಏನ್ ಮಾಡ್ಲಿ?

ಗಿರಣಿ_ಮೊಮ್ಮಗ: ತಲೆ ಕೆಟ್ಟುಹೋಗಿದೆ. ತೀರ್ಥಹಳ್ಳಿ ಕಡೆ ಅಜ್ಜನ ಅಕ್ಕಿ ಗಿರಣಿಯಲ್ಲಿರೋ ಮಾರ್ಷಲ್ ಕಂಪನಿಯ ಹಬೆ ಎಂಜಿನ್, ಹೊಟ್ಟು ಉರಿಸಿ ಓಡಿಸ್ತಿದ್ದದ್ದು. ಎರಡು ವರ್ಷ ತುಕ್ಕು ಉಜ್ಜಿ ಉಜ್ಜಿ ಕೊನೆಗೂ ಚಕ್ರ ತಿರುಗಿತು. ಆದ್ರೆ ಸುತ್ತಿಗೊಂದು ಸಲ ಧಡ್! ಎಣ್ಣೆ ಎಲ್ಲಾ ಕಡೆ ಬಿಟ್ಟಿದ್ದೀನಿ. ಮುಂದಿನ ವಾರ ನೆಂಟರು ನೋಡೋಕೆ ಬರ್ತಿದ್ದಾರೆ, ಬೇಗ ಹೇಳಿ.

ಫಿಟ್ಟರಣ್ಣ: ಬಿಗ್ ಎಂಡ್ ಬ್ರಾಸ್, ಅಂದ್ರೆ ಕ್ರ್ಯಾಂಕ್ ಹಿಡಿಯೋ ಹಿತ್ತಾಳೆ ಬೇರಿಂಗ್, ಸವೆದಿದೆ. ಬಿಗಿ ಮಾಡಿ.

ಗಿರಣಿ_ಮೊಮ್ಮಗ: ಮಾಡಿದೆ. ಬ್ರಾಸ್ ಬಿಸಿಯಾಯ್ತು, ಏಟು ಹಾಗೇ ಇದೆ.

ಫಿಟ್ಟರಣ್ಣ: ಸರಿಯಾಗಿ ಮಾಡಿಲ್ಲ. ಸಂದಿಯಲ್ಲಿರೋ ತೆಳು ತಗಡು, ಶಿಮ್, ತೆಗೆದು ಮತ್ತೆ ನೋಡಿ.

ಹಬೆಪ್ರಿಯ: ತಡೀರಿ. ತಿರುಗಿಸಿದ್ದು ಹಬೆಯಲ್ಲೋ ಗಾಳಿಯಲ್ಲೋ? ಹಬೆ ಆದ್ರೆ ಸಿಲಿಂಡರಿನ ನೀರು ಬಿಡೋ ನಲ್ಲಿ, ಡ್ರೇನ್ ಕಾಕ್, ತೆರೆದಿದ್ರಾ? ತಣ್ಣನೆ ಸಿಲಿಂಡರಲ್ಲಿ ಹಬೆ ನೀರಾಗುತ್ತೆ. ನೀರನ್ನ ಪಿಸ್ಟನ್ ಒತ್ತಿ ಕುಗ್ಗಿಸೋಕಾಗಲ್ಲ, ಸಿಲಿಂಡರ್ ಮುಚ್ಚಳವೇ ಸೀಳುತ್ತೆ.

ಗಿರಣಿ_ಮೊಮ್ಮಗ: ಗಾಳಿ. ಪಂಕ್ಚರ್ ಅಂಗಡಿಯ ಕಂಪ್ರೆಸರ್. ಇನ್‌ಸ್ಪೆಕ್ಟರ್ ನೋಡದೆ ಬಾಯ್ಲರ್‌ಗೆ ಬೆಂಕಿ ಹಾಕೋ ಧೈರ್ಯ ಇಲ್ಲ. ಪಿಸ್ಟನ್ ರಾಡ್ ಸುತ್ತ ಹಬೆ ಸೋರದ ಹಾಗೆ ತುರುಕಿದ್ದ ಹಳೇ ಗ್ಲ್ಯಾಂಡ್ ಪ್ಯಾಕಿಂಗ್ ಕಿತ್ತು ಗ್ರಾಫೈಟ್ ಹಗ್ಗ ಸುತ್ತಿದ್ದೀನಿ.

ಫಿಟ್ಟರಣ್ಣ: ಗ್ರಾಫೈಟಾ? ಕೊಬ್ಬು ಸವರಿದ ಸೆಣಬಿನ ಮುಂದೆ ಅದೆಲ್ಲ ಯಾವ ಲೆಕ್ಕ.

ಹಬೆಪ್ರಿಯ: ಆ ಹಳೇದು ಆಸ್ಬೆಸ್ಟಾಸ್ ಇದ್ದಿರಬಹುದು. ಅದರ ಧೂಳು ಶ್ವಾಸಕೋಶಕ್ಕೆ ಅಪಾಯ. ಒಣಗಿದ್ದನ್ನ ಕೀಳಬಾರದು, ಒದ್ದೆ ಮಾಡಿ ತೆಗೀಬೇಕು.

ಮ್ಯಾಂಚೆಸ್ಟರ್_ಸುಬ್ಬ: ಇಂಗ್ಲೆಂಡಿನ ಬರ್ನ್‌ಲಿಯ ಹಳೇ ಬಟ್ಟೆ ಮಿಲ್, ಕ್ವೀನ್ ಸ್ಟ್ರೀಟ್ ಮಿಲ್‌ನಲ್ಲಿ ‘ಪೀಸ್’ ಅಂತ ಎಂಜಿನ್ ಇದೆ. 1895ರದ್ದು, 500 ಅಶ್ವಶಕ್ತಿ. ನಾನು ಪಕ್ಕದಲ್ಲೇ ನಿಂತು ನೋಡಿದ್ದೀನಿ. ಫೋಟೋ ಹಾಕ್ಲಾ?

ಫಿಟ್ಟರಣ್ಣ: ಹಾಕಿ, ಅದ್ರಿಂದ ಇವರ ಏಟು ನಿಲ್ಲುತ್ತಾ ನೋಡೋಣ.

ಹಬೆಪ್ರಿಯ: ಎಕ್ಸಾಸ್ಟ್ ಸದ್ದು, ಅಂದ್ರೆ ಗಾಳಿ ಹೊರಹೋಗೋ ಸದ್ದು, ಪಿಸ್ಟನ್ನಿನ ಎರಡೂ ಕಡೆ ಒಂದೇ ಥರ ಇದ್ಯಾ?

ಗಿರಣಿ_ಮೊಮ್ಮಗ: ಒಂದು ಜೋರು, ಒಂದು ಸುಸ್ತು. ಸಿಲಿಂಡರಿನ ಎರಡು ತುದಿಗೂ ಸರದಿಯಲ್ಲಿ ಹಬೆ ಬಿಡೋ ಸ್ಲೈಡ್ ವಾಲ್ವ್ ಬಿಚ್ಚಿ ತೊಳೆದು ಹಾಕಿದ್ದೆ, ಅದೂ ಹೇಳ್ಬೇಕಿತ್ತಾ?

ಹಬೆಪ್ರಿಯ: ಅದನ್ನೇ ಮೊದ್ಲು ಹೇಳ್ಬೇಕಿತ್ತು ಮಾರಾಯ್ರೆ! ವಾಲ್ವ್ ಜಾಗ ತಪ್ಪಿ ಕೂತಿರಬೇಕು. ಗಾಳಿ ಪೂರ್ತಿ ಬಂದ್ ಮಾಡಿ, ಪೈಪೂ ಬಿಚ್ಚಿಡಿ. ವಾಲ್ವ್ ಇರೋ ಪೆಟ್ಟಿಗೆ, ಸ್ಟೀಮ್ ಚೆಸ್ಟಿನ ಮುಚ್ಚಳ ತೆಗೆದು, ಚಕ್ರ ಕೈಯಲ್ಲೇ ತಿರುಗಿಸಿ ಕ್ರ್ಯಾಂಕನ್ನ ಡೆಡ್ ಸೆಂಟರಿಗೆ, ಅಂದ್ರೆ ಪಿಸ್ಟನ್ ಒಂದು ತುದಿ ಮುಟ್ಟೋ ಜಾಗಕ್ಕೆ, ತನ್ನಿ. ಆ ಕಡೆ ಹಬೆ ಹೋಗೋ ಕಿಂಡಿ, ಪೋರ್ಟ್, ಎಷ್ಟು ತೆರೆದಿದೆ ಅಂತ ಸಂದಿ ಅಳೆಯೋ ತಗಡು, ಫೀಲರ್ ಗೇಜಲ್ಲಿ ಅಳೀರಿ. ಎದುರಿನ ಡೆಡ್ ಸೆಂಟರಲ್ಲೂ ಹಾಗೇ. ಹೆಚ್ಚುಕಮ್ಮಿ ಇದ್ರೆ, ವ್ಯತ್ಯಾಸದ ಅರ್ಧದಷ್ಟು ವಾಲ್ವ್ ಕಂಬಿಯ (ಸ್ಪಿಂಡಲ್) ನಟ್ಟಲ್ಲಿ ವಾಲ್ವ್ ಸರಿಸಿ. ಎರಡೂ ಕಡೆ ತಡವಾಗಿ ತೆರೆದ್ರೆ ಮಾತ್ರ ವಾಲ್ವನ್ನ ಆಡಿಸೋ ಬಿಲ್ಲೆ, ಎಕ್ಸೆಂಟ್ರಿಕ್, ಮುಟ್ಟಿ.

ಗಿರಣಿ_ಮೊಮ್ಮಗ: ಮುಚ್ಚಳ ಹಿಡಿಯೋ ಒಂದು ಸ್ಟಡ್ (ಬೋಲ್ಟು) ಮುರೀತು. ಕಳೆದ ಸಲ ಜೋರಾಗಿ ಬಿಗಿದಿದ್ದೆ ಅನ್ಸುತ್ತೆ. ನೆಂಟರಿಗೆ ಬರಬೇಡಿ ಅಂತ ಫೋನ್ ಮಾಡಿದೆ.

ಫಿಟ್ಟರಣ್ಣ: ಡೀಸೆಲ್ ಹಾಕಿ ನೆನೆಯೋಕೆ ಬಿಡಿ. ಹೇಗೂ ಕಾಯ್ಬೇಕಲ್ಲ, ಅಷ್ಟರಲ್ಲಿ ಬ್ರಾಸ್ ನೋಡಿ.