ಹುಬ್ಬಳ್ಳಿಯಿಂದ ಜೋಗಕ್ಕೆ, ಮನೆಮಂದಿಯೆಲ್ಲ ಸೇರಿ: ಹೋಗಿ ಬಂದವರು ಹೇಳಿ

ಆಗಸ್ಟ್‌ನಲ್ಲಿ ಜೋಗ ನೋಡಲು ಹೊರಟಿದ್ದೇವೆ. ಹುಬ್ಬಳ್ಳಿಯಿಂದ ನಮ್ಮದೇ ಕಾರು. ಅಪ್ಪನಿಗೆ 74, ಮೊಣಕಾಲು ನೋವು. ಅವ್ವನಿಗೆ ತಿರುವಿನ ರಸ್ತೆಯಲ್ಲಿ ವಾಂತಿ ಬರುತ್ತದೆ. ಮಕ್ಕಳಿಗೆ 9 ಮತ್ತು 4. ಮುಂಜಾನೆ ಬಿಟ್ಟು ರಾತ್ರಿಗೆ ವಾಪಸ್ ಬರಬಹುದಾ, ಉಳಿಯಲೇಬೇಕಾ? ಯಾವ ದಾರಿ ಚಲೋ? ನೀರು ಇರುತ್ತದಾ? ಅಪ್ಪ ಕಾಲೇಜಿನಲ್ಲಿದ್ದಾಗ ಒಮ್ಮೆ ನೋಡಿದ್ದರಂತೆ. ಇನ್ನೊಮ್ಮೆ ನೋಡಬೇಕು ಅಂತ ಎರಡು ವರ್ಷದಿಂದ ಹೇಳುತ್ತಿದ್ದಾರೆ. ಅನುಭವ ಇದ್ದವರು ಹೇಳಿ.

ಧಾರವಾಡದಿಂದ

ಉಳಿಯಿರಿ. ಬೇರೆ ಏನು ಬಿಟ್ಟರೂ ಇದನ್ನು ಬಿಡಬೇಡಿ.

ನಾವು ಮೊದಲ ಸಲ ಹೋದಾಗ ನಿಮ್ಮ ಹಾಗೇ ಲೆಕ್ಕ ಹಾಕಿದ್ದೆವು. ಹುಬ್ಬಳ್ಳಿಯಿಂದ ಸುಮಾರು 160 ಕಿಲೋಮೀಟರ್, ನಾಲ್ಕು ತಾಸು, ಸಂಜೆ ಹೊರಟರೆ ರಾತ್ರಿ ಊಟಕ್ಕೆ ಮನೆ. ಲೆಕ್ಕ ಸರಿ ಇತ್ತು. ಆದರೆ ಅಲ್ಲಿ ಮುಟ್ಟಿದಾಗ ಕಣಿವೆ ತುಂಬ ಮಂಜು. ಎದುರಿಗೆ ಬರೀ ಬಿಳಿ. ಸಪ್ಪಳ ಮಾತ್ರ ಎದೆಗೆ ಬಡಿಯುತ್ತಿತ್ತು. ಅರ್ಧ ತಾಸು ನಿಂತೆವು, ಮುಕ್ಕಾಲು ತಾಸು ನಿಂತೆವು. ಕತ್ತಲಾಗುವುದರೊಳಗೆ ಕಾಡಿನ ರಸ್ತೆ ದಾಟಬೇಕು ಅಂತ ಹೊರಟುಬಿಟ್ಟೆವು. ಕಾರಿನಲ್ಲಿ ನಮ್ಮ ಅತ್ತೆ "ಸಪ್ಪಳ ಕೇಳಿದೆವಲ್ಲ, ಸಾಕು ಬಿಡು" ಅಂದರು. ಅವರು ಹಾಗೆ ಅಂದಿದ್ದಕ್ಕೇ ನನಗೆ ಜಾಸ್ತಿ ಸಂಕಟ ಆಯಿತು.

ಮರುವರ್ಷ ಅವರನ್ನು ಮತ್ತೆ ಕರೆದುಕೊಂಡು ಹೋದೆವು. ಶಿರಸಿ ದಾಟಿ ಸಿದ್ದಾಪುರದ ಹತ್ತಿರ ರಾತ್ರಿ ಉಳಿದು, ಮುಂಜಾನೆ ತಿಂಡಿ ಮುಗಿಸಿ ಹೋದೆವು. ಆವತ್ತೂ ಮಂಜೇ ಇತ್ತು. ಆದರೆ ಎಲ್ಲಿಗೂ ಓಡುವ ಅವಸರ ಇರಲಿಲ್ಲ. ಅತ್ತೆ ಕಟಕಟೆ ಹಿಡಿದು ನಿಂತಿದ್ದರು. ಕನ್ನಡಕದ ತುಂಬ ಹನಿ. ಅದನ್ನು ತೆಗೆದು ಸೆರಗಿನಲ್ಲಿ ಒರೆಸಿಕೊಳ್ಳುತ್ತಿದ್ದಾಗಲೇ ಗಾಳಿ ಬೀಸಿತು. ಮೊದಲು ಎಡಗಡೆ ಒದ್ದೆ ಕಪ್ಪು ಬಂಡೆಯ ಅಂಚು ಕಂಡಿತು. ಆಮೇಲೆ ರಾಜಾ ಧಾರೆ. ಆಮೇಲೆ ಒಂದೊಂದಾಗಿ ಉಳಿದ ಮೂರು. ಮಗಳು "ಅಜ್ಜಿ, ಲಗೂ ಹಾಕೋ" ಅಂತ ಕೂಗುತ್ತಿದ್ದಳು. ಅತ್ತೆ ಕನ್ನಡಕ ಹಾಕಿಕೊಂಡು ನೋಡಿದವರು ಎಷ್ಟೋ ಹೊತ್ತು ಮಾತೇ ಆಡಲಿಲ್ಲ. ನಾಲ್ಕೈದು ನಿಮಿಷಕ್ಕೆ ಮತ್ತೆ ಮುಚ್ಚಿತು. ಒಂದೂವರೆ ತಾಸಿನಲ್ಲಿ ಐದು ಸಲ ತೆರೆದು ಐದು ಸಲ ಮುಚ್ಚಿತು.

ಮಕ್ಕಳಿಗೆ ಮೊದಲೇ ನಾಲ್ಕೂ ಹೆಸರು ಹೇಳಿಕೊಡಿ. ಎಡದಿಂದ ರಾಜಾ, ರೋರರ್, ರಾಕೆಟ್, ರಾಣಿ. ರಾಜಾ ಬಂಡೆಗೆ ತಾಗದೆ ನೇರವಾಗಿ ಬೀಳುತ್ತದೆ. ರೋರರ್ ಗದ್ದಲ ಮಾಡುತ್ತ ಬಂದು ನಡುದಾರಿಯಲ್ಲಿ ರಾಜಾನನ್ನು ಕೂಡಿಕೊಳ್ಳುತ್ತದೆ. ರಾಕೆಟ್‌ನ ನೀರು ಚಿಮ್ಮಿ ಚಿಮ್ಮಿ ಇಳಿಯುತ್ತದೆ. ರಾಣಿ ಬಂಡೆಯ ಮೇಲೆ ನೊರೆನೊರೆಯಾಗಿ ಜಾರುತ್ತಾಳೆ. ಗುರುತು ಹಿಡಿಯುವ ಕೆಲಸ ಸಿಕ್ಕರೆ 4 ವರ್ಷದ ಮಗುವೂ ಬೇಜಾರಿಲ್ಲದೆ ಕಾಯುತ್ತದೆ.

ಹಾವೇರಿಯಿಂದ

ನಾನು ಬಾಡಿಗೆ ಗಾಡಿ ಓಡಿಸುತ್ತೇನೆ. ಪ್ರತಿ ಮಳೆಗಾಲ ಜೋಗಕ್ಕೆ ಹತ್ತು ಸಲವಾದರೂ ಹೋಗುತ್ತೇನೆ. ದಾರಿ ಮತ್ತು ನೀರು, ಎರಡರ ಬಗ್ಗೆ ಹೇಳುತ್ತೇನೆ.

ಹುಬ್ಬಳ್ಳಿಯವರಿಗೆ ತಡಸ, ಮುಂಡಗೋಡ, ಶಿರಸಿ, ಸಿದ್ದಾಪುರ, ಮಾವಿನಗುಂಡಿ, ಜೋಗ. ಶಿರಸಿಯವರೆಗೆ ಸುಮಾರು 100 ಕಿಲೋಮೀಟರ್. ಅಲ್ಲಿಯವರೆಗೆ ಘಾಟಿ ಇಲ್ಲ, ನಿಮ್ಮ ಅವ್ವನಿಗೆ ಅಷ್ಟು ತ್ರಾಸಾಗುವುದಿಲ್ಲ. ತಿರುವು ಜಾಸ್ತಿ ಆಗುವುದು ಶಿರಸಿಯ ಮುಂದೆ. ಅವರನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಶಿರಸಿಯಲ್ಲಿ ಅರ್ಧ ತಾಸು ಇಳಿಸಿ ನಡೆಸಿ. ಮಾರಿಕಾಂಬಾ ಗುಡಿ ಊರೊಳಗೇ ಇದೆ, ದರ್ಶನವೂ ಆಗುತ್ತದೆ, ಕೈಕಾಲೂ ಸಡಿಲಾಗುತ್ತವೆ. ಹಾವೇರಿ ಕಡೆಯವರು ಹಾನಗಲ್ಲ ಮೇಲೆ ಶಿರಸಿಗೆ ಬರಬೇಕು. ಹಾನಗಲ್ಲದಲ್ಲಿ ತಾರಕೇಶ್ವರ ಗುಡಿಯ ಚಾವಣಿಯಲ್ಲಿ ಕಲ್ಲಿನ ಕಮಲ ಇದೆ. ನಾನು ಪ್ರತಿ ಸಲ ಗಾಡಿ ನಿಲ್ಲಿಸಿ ತೋರಿಸುತ್ತೇನೆ. ಕತ್ತೆತ್ತಿ ನೋಡದೆ ಮುಂದೆ ಹೋಗಬೇಡಿ.

ಪೆಟ್ರೋಲ್ ಶಿರಸಿಯಲ್ಲೇ ತುಂಬಿಸಿ. ಮಂಜು ಇದ್ದರೆ ಹೈ ಬೀಮ್ ಹಾಕಬೇಡಿ, ಬೆಳಕು ತಿರುಗಿ ನಿಮ್ಮ ಕಣ್ಣಿಗೇ ಹೊಡೆಯುತ್ತದೆ. ಲೋ ಬೀಮ್ ಸಾಕು.

ಇನ್ನು ನೀರು. ಇದನ್ನು ಬಹಳ ಜನ ತಪ್ಪು ತಿಳಿದಿರುತ್ತಾರೆ. ಮಳೆ ಬಂದಿದೆ ಅಂದ ಕೂಡಲೇ ಜೋಗ ತುಂಬಿ ಹರಿಯುತ್ತದೆ ಅಂತಲ್ಲ. ಜಲಪಾತದಿಂದ ಸುಮಾರು 6 ಕಿಲೋಮೀಟರ್ ಮೇಲೆ ಲಿಂಗನಮಕ್ಕಿ ಆಣೆಕಟ್ಟು ಇದೆ. 1964ರಲ್ಲಿ ಕಟ್ಟಿದ್ದು. ಶರಾವತಿಯ ನೀರೆಲ್ಲ ಮೊದಲು ಅಲ್ಲಿ ನಿಲ್ಲುತ್ತದೆ, ಆಮೇಲೆ ಕರೆಂಟ್ ತಯಾರಿಸಲು ಹೋಗುತ್ತದೆ. ಗೇಟ್ ತೆರೆಯುವವರೆಗೆ ಜೋಗದಲ್ಲಿ ಬೀಳುವುದು ಆಣೆಕಟ್ಟಿನ ಕೆಳಗೆ ಸುರಿದ ಮಳೆಯ ನೀರು. ಜೋರು ಮಳೆ ಇದ್ದರೆ ಅದೇ ನಾಲ್ಕೂ ಧಾರೆಯನ್ನು ಚೆನ್ನಾಗಿ ತುಂಬಿಸುತ್ತದೆ. ಮಳೆ ನಾಲ್ಕು ದಿನ ಬಿಟ್ಟರೆ ಸಣ್ಣಗಾಗುತ್ತದೆ. ಆಣೆಕಟ್ಟಿನ ಪೂರ್ಣ ಮಟ್ಟ 1819 ಅಡಿ. ಅದರ ಹತ್ತಿರ ಬಂದು ಗೇಟ್ ತೆರೆದಾಗ ನಾಲ್ಕು ಹೆಸರೂ ಉಳಿಯುವುದಿಲ್ಲ, ಎಲ್ಲ ಸೇರಿ ಒಂದೇ ಆಗುತ್ತದೆ. ಎಲ್ಲ ವರ್ಷ ಆ ಭಾಗ್ಯ ಸಿಗುವುದಿಲ್ಲ. ಪೇಪರಿನಲ್ಲಿ ಜಲಾಶಯದ ಮಟ್ಟ ಬರುತ್ತದೆ ಅಲ್ವಾ, ಹೊರಡುವ ವಾರ ಅದನ್ನೊಮ್ಮೆ ನೋಡಿ. ನಾನು ಗಿರಾಕಿಗಳಿಗೆ ಅದನ್ನು ನೋಡಿಯೇ ತಾರೀಖು ಹೇಳುವುದು.

ರಜೆಯ ದಿನ, ಅದರಲ್ಲೂ ಆಗಸ್ಟ್ 15ರ ಆಸುಪಾಸು ಹೋಗಬೇಡಿ. ಗಾಡಿ ನಿಲ್ಲಿಸಲು ಜಾಗ ಹುಡುಕುವುದರಲ್ಲೇ ತಾಸುಗಟ್ಟಲೆ ಹೋಗುತ್ತದೆ. ಮಂಗಳವಾರ, ಬುಧವಾರ ಹೋದರೆ ನಿಮ್ಮ ತಂದೆ ಕಟಕಟೆಯ ಹತ್ತಿರ ಆರಾಮಾಗಿ ನಿಲ್ಲಬಹುದು. ಹೊರಡುವ ಮೊದಲು ಪ್ರವೇಶ ಇದೆಯಾ ಅಂತಲೂ ವಿಚಾರಿಸಿ. 2025ರ ಆರಂಭದಲ್ಲಿ ಕಾಮಗಾರಿಗೆ ಅಂತ ಎರಡು ತಿಂಗಳಿಗೂ ಹೆಚ್ಚು ಮುಚ್ಚಿದ್ದರು.

ಗದಗದಿಂದ

ನಾವು ಲಕ್ಷ್ಮೇಶ್ವರ, ಸವಣೂರು, ಬಂಕಾಪುರ, ಹಾನಗಲ್ಲ ಹಿಡಿದು ಹೋಗಿದ್ದೆವು. ನಮಗೆ ಆದ ತೊಂದರೆ ಒಂದೇ, ಅದನ್ನು ಹೇಳಿಬಿಡುತ್ತೇನೆ. ಒಂದು ವಸತಿಗೃಹಕ್ಕೆ ಫೋನಿನಲ್ಲಿ ಹೇಳಿ ಇಟ್ಟಿದ್ದೆವು. ಮುಂಗಡ ಕೊಟ್ಟಿರಲಿಲ್ಲ. ಸಂಜೆ ಮಳೆಯಲ್ಲಿ ಹೋದರೆ ರೂಮು ಬೇರೆಯವರಿಗೆ ಕೊಟ್ಟಾಗಿತ್ತು. ಮಲಗಿದ್ದ ಮಕ್ಕಳನ್ನು ಹೆಗಲ ಮೇಲೆ ಹಾಕಿಕೊಂಡು ಮೂರು ಕಡೆ ಕೇಳಿದೆವು. ಕೊನೆಗೆ ಸಾಗರಕ್ಕೆ ಹೋಗಿ ಮಲಗಿದಾಗ ರಾತ್ರಿ ಹತ್ತೂವರೆ. ಮುಂಗಡ ಕೊಟ್ಟು, ರಸೀದಿಯನ್ನು ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಕಾಡಿನ ದಾರಿಯಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ, ಅದಕ್ಕೇ ವಿಳಾಸ ಕಾಗದದಲ್ಲಿ ಬರೆದುಕೊಳ್ಳಿ.

ಬುತ್ತಿ ಕಟ್ಟಿಕೊಂಡು ಹೋಗಿ. ಕಟಕ ರೊಟ್ಟಿ, ಶೇಂಗಾ ಚಟ್ನಿ ಎರಡು ದಿನ ಕೆಡುವುದಿಲ್ಲ. ರೊಟ್ಟಿ ಮಾತ್ರ ಬಿಗಿ ಡಬ್ಬಿಯಲ್ಲಿಡಿ, ಅಲ್ಲಿನ ಥಂಡಿಗೆ ಅರ್ಧ ದಿನದಲ್ಲಿ ಮೆತ್ತಗಾಗುತ್ತದೆ. ಜಲಪಾತದ ಹತ್ತಿರ ಡಬ್ಬಿ ತೆರೆಯಬೇಡಿ, ಮಂಗಗಳು ಬಹಳ. ಬರುವಾಗ ಶಿರಸಿ, ಸಾಗರ ಎಲ್ಲಿಯಾದರೂ ತೊಡೆದೇವು ಅನ್ನುವ ಸಿಹಿ ತಿಂಡಿ ಸಿಕ್ಕರೆ ತನ್ನಿ. ಕಾಗದದ ಹಾಗೆ ತೆಳ್ಳಗಿರುತ್ತದೆ, ಹಾಲಿನಲ್ಲಿ ಹಾಕಿ ತಿಂದರೆ ನಿಮ್ಮ ತಂದೆಯವರ ವಯಸ್ಸಿನವರಿಗೆ ಹಿತ.

ಹುಲ್ಲಿನಲ್ಲಿ ಕಾಲಿಟ್ಟರೆ ಉಂಬಳ, ಅಂದರೆ ಜಿಗಣೆ, ಹತ್ತುತ್ತವೆ. ಕಿತ್ತು ಎಳೆಯಬೇಡಿ. ಒಂದು ಪುಡಿಕೆ ಉಪ್ಪು ಇಟ್ಟುಕೊಳ್ಳಿ, ಹಾಕಿದರೆ ತಾನೇ ಬಿಡುತ್ತದೆ.

ಹುಬ್ಬಳ್ಳಿಯಿಂದ

ನನಗೀಗ 80. ನಿಮ್ಮ ತಂದೆಯವರ ಆಸೆ ಓದಿ ಬರೆಯಬೇಕು ಅನ್ನಿಸಿತು.

ಏಕೀಕರಣಕ್ಕೆ ಮೊದಲು ನಮ್ಮ ಧಾರವಾಡ ಜಿಲ್ಲೆ, ಶಿರಸಿ, ಸಿದ್ದಾಪುರ ಎಲ್ಲ ಮುಂಬೈ ರಾಜ್ಯದಲ್ಲಿದ್ದವು. ಜೋಗದಲ್ಲಿ ಹೊಳೆಯೇ ಗಡಿ. ಆ ಕಡೆ ಮೈಸೂರು, ಈ ಕಡೆ ನಾವು. ನಮ್ಮಪ್ಪ ಅದನ್ನು ಗೇರುಸೊಪ್ಪೆ ಜಲಪಾತ ಅಂತಲೇ ಕರೆಯುತ್ತಿದ್ದರು, ಸಿದ್ದಾಪುರದ ದಂಡೆಯಿಂದಲೇ ನೋಡಿದ್ದರು. ಆ ದಂಡೆಯ ಮೇಲೆ ಇಂದಿಗೂ ಬಾಂಬೆ ಬಂಗಲೆ ಅಂತ ಇದೆ. ಎಲ್ಲರೂ ನೋಡುವುದು ಸೇತುವೆ ದಾಟಿ ಸಾಗರದ ಕಡೆಯಿಂದ. ಅಲ್ಲಿ ನಾಲ್ಕೂ ಧಾರೆ ಎದುರಿಗೆ ಕಾಣುತ್ತವೆ, ಮೊದಲು ಅಲ್ಲಿಗೇ ಹೋಗಿ. ಆದರೆ ಹೊತ್ತಿದ್ದರೆ ಈ ಕಡೆಗೂ ಬನ್ನಿ. ಇಲ್ಲಿ ನೀವು ರಾಜಾನ ತಲೆಯ ಹತ್ತಿರ ಇರುತ್ತೀರಿ. ಅಲ್ಲಿಯವರೆಗೆ ಸುಮ್ನೆ ಹರಿದು ಬಂದ ನೀರು 253 ಮೀಟರ್ ಕೆಳಗೆ ಬೀಳುತ್ತದೆ. ಮಕ್ಕಳ ಕೈ ಬಿಡಬೇಡಿ. ಬೇಲಿಯ ಆಚೆ ಒಂದು ಹೆಜ್ಜೆಯೂ ಬೇಡ, ಮಳೆಗಾಲದಲ್ಲಿ ಬಂಡೆ ಪಾಚಿಗಟ್ಟಿರುತ್ತದೆ.

ನಮ್ಮಪ್ಪ ನೋಡಿದಾಗ ಲಿಂಗನಮಕ್ಕಿ ಇರಲಿಲ್ಲ. ಬೇಸಿಗೆಯಲ್ಲೂ ಧಾರೆ ಬತ್ತುತ್ತಿರಲಿಲ್ಲ ಅಂತ ಹೇಳುತ್ತಿದ್ದರು. ಆಣೆಕಟ್ಟಿನ ಹಿನ್ನೀರಿನಲ್ಲಿ ಊರು, ತೋಟ ಬಿಟ್ಟು ಎದ್ದು ಹೋದ ಮನೆತನಗಳು ಬಹಳ. ನಮ್ಮ ಮನೆಯ ದೀಪ ಉರಿಯುವುದರಲ್ಲಿ ಅವರ ಪಾಲೂ ಇದೆ. ಮೊಮ್ಮಕ್ಕಳಿಗೆ ಇದನ್ನೂ ಹೇಳಿ.

ಕೇಳಿದವರು ಮತ್ತೆ

ಎಲ್ಲರಿಗೂ ಧನ್ಯವಾದ. ಎರಡು ದಿನ ಅಂತ ನಿರ್ಧಾರ ಮಾಡಿದೆವು, ವಾರದ ನಡುವೆ. ಇನ್ನೊಂದೇ ಪ್ರಶ್ನೆ. ಅಪ್ಪ ಕಾಲೇಜಿನಲ್ಲಿದ್ದಾಗ ಕೆಳಗೆ ಇಳಿದಿದ್ದರಂತೆ. ಈಗಲೂ ಇಳಿಯುತ್ತೇನೆ ಅನ್ನುತ್ತಿದ್ದಾರೆ. ಹೇಗೆ ಬೇಡ ಅನ್ನಲಿ?

ಹಾವೇರಿಯಿಂದ

ನೀವು ಬೇಡ ಅನ್ನುವುದೇ ಬೇಡ. ಮಳೆಗಾಲದಲ್ಲಿ ಮೆಟ್ಟಿಲ ದಾರಿ ಮುಚ್ಚಿರುತ್ತಾರೆ. ಸುಮಾರು 1400 ಮೆಟ್ಟಿಲು, ಒದ್ದೆಯಾದರೆ ಹುಡುಗರೇ ಜಾರಿ ಬೀಳುತ್ತಾರೆ. ಮೊದಲೇ ಹೇಳಿ ಅವರ ಮನಸ್ಸು ನೋಯಿಸಬೇಡಿ. ಅಲ್ಲಿ ಹೋದ ಮೇಲೆ ಮುಚ್ಚಿದ ಗೇಟನ್ನು ಅವರೇ ನೋಡುತ್ತಾರೆ.

ಮೇಲಿನಿಂದ ನೋಡುವ ಜಾಗಕ್ಕೆ ನಿಧಾನವಾಗಿ ನಡೆದರೆ ಅವರಿಗೆ ಕಷ್ಟ ಆಗುವುದಿಲ್ಲ. ತಳ ಒರಟಾದ ಚಪ್ಪಲಿ ಹಾಕಿಸಿ. ಛತ್ರಿ ಬೇಡ, ಗಾಳಿಗೆ ತಿರುಗಿಬೀಳುತ್ತದೆ, ರೇನ್‌ಕೋಟ್ ತನ್ನಿ. ಮಡಚುವ ಒಂದು ಸಣ್ಣ ಸ್ಟೂಲ್ ಡಿಕ್ಕಿಯಲ್ಲಿಡಿ. ಮಂಜು ಸರಿಯುವವರೆಗೆ ಕಟಕಟೆಯ ಪಕ್ಕ ಅದರ ಮೇಲೆ ಕೂರಲಿ. ಎಲ್ಲಿ, ಯಾವ ಬಂಡೆಯವರೆಗೆ ಇಳಿದಿದ್ದೆ ಅಂತ ಮೊಮ್ಮಕ್ಕಳಿಗೆ ಕೈ ಮಾಡಿ ತೋರಿಸಲಿ.

ಧಾರವಾಡದಿಂದ

ಕನ್ನಡಕ ಒರೆಸಲು ಒಣ ಬಟ್ಟೆ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಡಿ. ಸೆರಗೂ ಟವೆಲ್ಲೂ ಅಲ್ಲಿ ಹತ್ತು ನಿಮಿಷಕ್ಕೆ ಒದ್ದೆಯಾಗಿರುತ್ತವೆ.