ಊರ ಹುಡುಗರ ಬಗ್ಗೆ ನಮಗೆ ಹೀಗ್ಯಾಕೆ ಅನಿಸುತ್ತದೆ?

ಕೇಳಿದ್ದು: ನಾನು ಕಾಸರಗೋಡಿನ ಬದಿಯಡ್ಕದವಳು, ಮಂಗಳೂರಿನಲ್ಲಿ ಕೆಲಸ. ಡೇಟಿಂಗ್ ಆ್ಯಪ್‌ನಲ್ಲಿ ಊರ ಕಡೆಯ ಹುಡುಗರು ಕಂಡರೆ ಹಳೇ ಕಾಲದವರು ಅನಿಸುತ್ತದೆ. ಬೆಂಗಳೂರಿನವರು ಕಂಡರೆ ಕೂಡಲೇ ಇಷ್ಟವಾಗುತ್ತಾರೆ. ವ್ಯತ್ಯಾಸ ನಿಜವಾಗಿ ಉಂಟಾ, ಇಲ್ಲ ನಾನು ನೋಡುವ ರೀಲ್ಸ್, ಸೀರಿಯಲ್‌ಗಳಿಂದ ಹೀಗಾಗಿದೆಯಾ? ಅನುಭವ ಇದ್ದವರು ಹೇಳಿ.

ಪೆರ್ಲದಿಂದ ಒಬ್ಬರು: ತಂಗೀ, ಎರಡೂ ಉಂಟು. ಆದರೆ ನೋಡಿದ್ದರಿಂದ ಬಂದದ್ದೇ ಜಾಸ್ತಿ. ನಾನು ಬೆಂಗಳೂರಿನಲ್ಲಿ ಕೆಲವು ವರ್ಷ ಇದ್ದೆ. ನನ್ನ ರೂಮ್‌ಮೇಟ್ ಧಾರವಾಡ ಕಡೆಯವಳು, ಸಕಲೇಶಪುರ ದಾಟಿ ಈಚೆ ಬಂದವಳೇ ಅಲ್ಲ. ಅವಳಿಗೆ ಮಂಗಳೂರಿನ ಹುಡುಗನೊಬ್ಬನ ಪರಿಚಯ ಆದಾಗ ಮೊದಲು ಕೇಳಿದ್ದೇ, ಪಬ್‌ಗೆ ಹೋದರೆ ಹೊಡೆಯುವ ಪೈಕಿಯವನಾ ಅಂತ. 2009ರ ಜನವರಿ 24ರಂದು ಮಂಗಳೂರಿನ ಪಬ್‌ನಲ್ಲಿ ಹುಡುಗಿಯರ ಮೇಲೆ ಹಲ್ಲೆ ಆಗಿತ್ತಲ್ವಾ, ಆ ದೃಶ್ಯವನ್ನು ಟಿವಿಯವರು ದೇಶಕ್ಕೆಲ್ಲ ತೋರಿಸಿದ್ದರು. ನಡೆದದ್ದು ನಿಜ, ಅದನ್ನು ಸಣ್ಣದು ಮಾಡುವುದು ಬೇಡ. ಆದರೆ ಈ ಹುಡುಗನಿಗೆ ಅವಳ ನೈಟ್ ಶಿಫ್ಟ್ ಬಗ್ಗೆ ಒಂದು ತಕರಾರೂ ಇರಲಿಲ್ಲ. ಅವಳ ಫೋಟೋಗೆ ಯಾರ್ಯಾರು ಲೈಕ್ ಒತ್ತಿದರು ಅಂತ ಕೇಳುತ್ತಿದ್ದವನು ಅವಳ ಊರಿನವನೇ, ಎಲ್ಲರೂ ಒಳ್ಳೆಯವನು ಅನ್ನುತ್ತಿದ್ದವನು.

ಕಾಸರಗೋಡಿನ ನಮ್ಮನ್ನೂ ಹಾಗೇ ನೋಡುತ್ತಾರೆ. ಕಾಸರಗೋಡು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇತ್ತು, ಆಮೇಲೆ ಕೇರಳಕ್ಕೆ ಹೋಯಿತು. ಮನೆಯಲ್ಲಿ ಕನ್ನಡ, ತುಳು ಮಾತಾಡುವ ಎಷ್ಟೋ ಜನ ಇಲ್ಲಿದ್ದೇವೆ. ಬೆಂಗಳೂರಿನಲ್ಲಿ ಒಬ್ಬ ನನ್ನ ಊರು ಕೇಳಿದ ಕೂಡಲೇ ಚಿನ್ನದ ಕಳ್ಳಸಾಗಣೆ ಸುದ್ದಿ ತೆಗೆದ. ನನ್ನ ಬಗ್ಗೆ ಇನ್ನೂ ಒಂದು ಪ್ರಶ್ನೆ ಕೇಳಿರಲಿಲ್ಲ!

ಈಗ ನಿಮ್ಮ ವಿಷಯ. ಫೋಟೋ ನೋಡಿ ಇಷ್ಟವಾಯಿತು ಅಂದಿರಿ. ಬೆಂಗಳೂರಿನವನಿಗೆ ನಂದಿಬೆಟ್ಟ ಉಂಟು, ಕೆಫೆ ಉಂಟು, ಫೋಟೋ ತೆಗೆಯಲು ಸ್ನೇಹಿತರು ಉಂಟು. ನನ್ನ ದೊಡ್ಡಪ್ಪನ ಮಗ ಅಡಿಕೆ ತೋಟ ನೋಡಿಕೊಂಡಿದ್ದಾನೆ. ಅವನ ಪ್ರೊಫೈಲ್ ಫೋಟೋ ಯಾರದ್ದೋ ಮದುವೆಯಲ್ಲಿ ತೆಗೆದದ್ದು, ಪಕ್ಕದಲ್ಲಿ ಭಾವನ ಅರ್ಧ ಭುಜ ಇನ್ನೂ ಕಾಣುತ್ತದೆ. ಅದನ್ನು ಯಾರು ಇಷ್ಟಪಡುತ್ತಾರೆ? ಆದರೆ ದೊಡ್ಡಮ್ಮನಿಗೆ ಹುಷಾರಿಲ್ಲದಾಗ ಬೆಳಗ್ಗೆ ದೋಸೆ ಹೊಯ್ದು, ಕೆಲಸದವರಿಗೆ ಹತ್ತು ಗಂಟೆಯ ಚಹಾ ಕೊಟ್ಟು, ಮತ್ತೆ ತೋಟಕ್ಕೆ ಹೋಗುವವನು ಅವನೇ. ಹಾಗಂತ ಅವನನ್ನೇ ಆರಿಸಿ ಅಂತ ನಾನು ಹೇಳುತ್ತಿಲ್ಲ. ಹೆಂಡತಿ ಮಂಗಳೂರಿನ ಕೆಲಸ ಬಿಟ್ಟು ಮನೆಯಲ್ಲಿರಬೇಕು ಅನ್ನುವುದು ಅವನ ಮನಸ್ಸಿನಲ್ಲೂ ಉಂಟು. ಇಂಥದ್ದು ಯಾವ ಫೋಟೋದಲ್ಲೂ ಕಾಣುವುದಿಲ್ಲ, ಬಾಯಿಬಿಟ್ಟು ಕೇಳಬೇಕು. ಬೆಂಗಳೂರಿನವನಿಗೂ ಅದೇ ಪ್ರಶ್ನೆ ಕೇಳಿ. ಉತ್ತರ ಅದೇ ಬಂದೀತು.

ಇನ್ನೊಂದು. ಊರ ಹುಡುಗರು ಬಿಗಿಯಾಗಿ ಇರುತ್ತಾರೆ, ಎದುರು ಸಿಕ್ಕಿದರೆ ಮಾತೇ ಇಲ್ಲ ಅಂತ ನನ್ನ ಗೆಳತಿಯರೂ ಹೇಳುತ್ತಾರೆ. ಕುಂಬಳೆ ಬಸ್ ಸ್ಟ್ಯಾಂಡಿನಲ್ಲಿ ಒಬ್ಬನ ಜೊತೆ ಸ್ವಲ್ಪ ಹೊತ್ತು ನಿಂತರೆ ನೀವು ಮನೆಗೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿರುತ್ತದೆ. ಅವನಿಗೂ ಅದು ಗೊತ್ತು. ಅದೇ ಹುಡುಗ ಮಂಗಳೂರಿನಲ್ಲಿ ಸಿಕ್ಕಿದರೆ ಆರಾಮಾಗಿ ಮಾತಾಡುತ್ತಾನೆ. ಅದಕ್ಕೇ ಒಂದೇ ಜಾಗದಲ್ಲಿ ನೋಡಿ ತೀರ್ಮಾನ ಮಾಡಬೇಡಿ.

ಮಂಜೇಶ್ವರದಿಂದ ಒಬ್ಬರು: ನಾನು ಹುಡುಗ, ಅದಕ್ಕೆ ಆ್ಯಪ್‌ನ ವಿಷಯ ಮಾತ್ರ ಹೇಳುತ್ತೇನೆ. ಎಷ್ಟು ಕಿಲೋಮೀಟರ್ ಒಳಗಿನವರನ್ನು ತೋರಿಸಬೇಕು ಅಂತ ಅದರಲ್ಲಿ ಸೆಟ್ಟಿಂಗ್ ಇರುತ್ತದೆ. ಬದಿಯಡ್ಕದಲ್ಲಿ ಕೂತು ಕಡಿಮೆ ಇಟ್ಟರೆ ಸಿಗುವುದು ನಾಲ್ಕು ಗುರುತಿನ ಮುಖ, ಸಾಲದ್ದಕ್ಕೆ ಬೇಕಲ ಕೋಟೆ ನೋಡಲು ಬಂದು ನಾಳೆ ಹೊರಡುವವರು. ಮಂಗಳೂರಿನಲ್ಲಿ ಕೂತು ತೆರೆದರೆ ದೇರಳಕಟ್ಟೆಯ ಮೆಡಿಕಲ್ ವಿದ್ಯಾರ್ಥಿಗಳು ಬರುತ್ತಾರೆ. ಇದನ್ನು ನೋಡಿ ಊರಲ್ಲಿ ಹುಡುಗರೇ ಇಲ್ಲ ಅನ್ನುವುದು ಸರಿಯಲ್ಲ. ಗಲ್ಫ್‌ನಿಂದ ರಜೆಗೆ ಬಂದವರ ವಿಷಯವೂ ಹಾಗೇ. ಆ ಒಂದು ತಿಂಗಳು ಬಾಡಿಗೆ ಕಾರು, ದಿನಾ ಒಂದು ಹೋಟೆಲ್. ಗಲ್ಫ್‌ನಲ್ಲಿ ಒಂದು ಕೋಣೆಯಲ್ಲಿ ಎಷ್ಟು ಜನ ಮಲಗುತ್ತಾರೆ ಅಂತ ಅವರು ಹೇಳಲು ನಾಚುತ್ತಾರೆ. ನನ್ನ ಅಣ್ಣನೂ ಹೇಳಿರಲಿಲ್ಲ, ಅತ್ತಿಗೆಗೆ ಮದುವೆಯಾದ ಮೇಲೆ ಗೊತ್ತಾದದ್ದು. ರಜೆ ಮುಗಿಸಿ ಹೋದ ಮೇಲೆ ಕೆಲಸದ ದಿನ ವಿಡಿಯೋ ಕಾಲ್ ಮಾಡಿ ನೋಡಿ.

ಉಪ್ಪಳದಿಂದ ಒಬ್ಬರು: ರೀಲ್ಸ್ ಬಗ್ಗೆ ನನ್ನದೊಂದು. ಗಂಡಸರು ಮೋಸ ಮಾಡುವ ಎರಡು ವಿಡಿಯೋ ಪೂರ್ತಿ ನೋಡಿದರೆ ಮೂರನೆಯದು ತಾನಾಗಿ ಬರುತ್ತದೆ, ಆಮೇಲೆ ದಿನವಿಡೀ ಅದೇ. ನಾನಂತೂ ಆ ಸಮಯದಲ್ಲಿ ಯಾರ ಮೆಸೇಜ್ ಬಂದರೂ ಅನುಮಾನದಿಂದಲೇ ಓದುತ್ತಿದ್ದೆ. ಇಂಥ ವಿಡಿಯೋ ಬೇಡ ಅಂತ ಒತ್ತುತ್ತಾ ಬಂದೆ, ನಿಧಾನಕ್ಕೆ ಕಡಿಮೆ ಆಯಿತು. ಆದರೆ ಎಚ್ಚರ ಬೇಕೇ ಬೇಕು ತಂಗಿ. ಮೊದಲ ಸಲ ಹಗಲು ಹೊತ್ತು, ಜನ ಇರುವ ಕಡೆ ಸಿಗಿ. ಒಬ್ಬ ಗೆಳತಿಗೆ ಹೇಳಿ ಹೋಗಿ. ಅವನ ಕಾರಿನಲ್ಲಿ ಬೇಡ, ನಿಮ್ಮದೇ ಬಸ್ಸಿನಲ್ಲಿ ವಾಪಸ್ ಬನ್ನಿ. ತಲಪಾಡಿ ಕಡೆಗೆ ಕೊನೆಯ ಬಸ್ ಎಷ್ಟು ಗಂಟೆಗೆ ಅಂತ ಹೊರಡುವ ಮೊದಲೇ ಕೇಳಿಕೊಳ್ಳಿ.