ಒಳಗೆ ಬೇರು ಬಿಡಿಸಿದ ಸೇವಂತಿಗೆ ಕಟಿಂಗ್: ತಾರಸಿಗೆ ತಂದ ಮೇಲೆ ಎಲೆ ಬಿಳಿಚಿತು, ಗೇಣುದ್ದಕ್ಕೇ ಮೊಗ್ಗು ಬಂತು

ತಾರಸಿಮಣ್ಣು:
ಊರು ಬೆಂಗಳೂರು. ಗಿಡ ಪೂರ್ಣಿಮಾ ಬಿಳಿ ಮತ್ತು ಹಳದಿ, ಎಲ್ಲವೂ ತುದಿ ಕಟಿಂಗ್. ಕೋಣೆಯೊಳಗೆ ಎಲ್‌ಇಡಿ ಗ್ರೋ ಲೈಟ್ ಕೆಳಗೆ ದಿನಕ್ಕೆ 18 ಗಂಟೆ ಬೆಳಕು, ಕೋಕೋಪೀಟ್ ಪ್ಲಗ್ (ಬೇರು ಬಿಡಿಸಲು ಬಳಸುವ ತೆಂಗಿನ ನಾರಿನ ಪುಡಿಯ ಸಣ್ಣ ಉಂಡೆ), ಮೇಲೆ ಪ್ಲಾಸ್ಟಿಕ್ ಮುಚ್ಚಳ. ಬೇರು ಚೆನ್ನಾಗಿ ಬಂದಿತ್ತು. ಮಾರ್ಚ್ ಮಧ್ಯದಲ್ಲಿ 10 ಇಂಚಿನ ಕಪ್ಪು ಕುಂಡಗಳಿಗೆ ಹಾಕಿ ನೇರ ತಾರಸಿಯಲ್ಲಿಟ್ಟೆ. ಮಿಶ್ರಣ ಕೆಂಪುಮಣ್ಣು ಎರಡು ಪಾಲು, ಕೊಟ್ಟಿಗೆ ಗೊಬ್ಬರ ಒಂದು ಪಾಲು. ನೀರು ಬೋರ್‌ವೆಲ್ಲಿನದು.

ಎರಡು ಮೂರು ದಿನಕ್ಕೇ ಮೇಲಿನ ಎಲೆಗಳು ಕಾಗದದಂತೆ ಬಿಳಿಯಾದವು. ಮಣ್ಣು ಒದ್ದೆಯಿದ್ದರೂ ಮಧ್ಯಾಹ್ನ ಗಿಡ ಜೋತು ಬೀಳುತ್ತದೆ. ಈಗ ಮೂರು ವಾರವಾಗಿದೆ. ಗಿಡ ಗೇಣುದ್ದ ಕೂಡ ಇಲ್ಲ, ಆಗಲೇ ತುದಿಯಲ್ಲಿ ಮೊಗ್ಗು. ವಿಚಿತ್ರವೆಂದರೆ ಪೂರ್ವದ ಪ್ಯಾರಾಪೆಟ್ ಮೂಲೆಯ ನಾಲ್ಕು ಕುಂಡಗಳಲ್ಲಿ ಮಾತ್ರ ಮೊಗ್ಗಿಲ್ಲ. ಅಲ್ಲೂ ಅದೇ ತಳಿ, ಅದೇ ಮಣ್ಣು. ಇನ್ನೊಂದು ಟ್ರೇ ಒಳಗೇ ಇದೆ, ಅದನ್ನು ಹೊರಗೆ ತರುವ ಮೊದಲು ಕಾರಣ ತಿಳಿಯಬೇಕು.

ಹಿತ್ತಲಗಿಡ:
ಎಲೆ ಬಿಳಿಚಿದರೆ ಮೆಗ್ನೀಸಿಯಂ ಕೊರತೆ. ಲೀಟರಿಗೆ 2 ಗ್ರಾಂ ಎಪ್ಸಂ ಸಾಲ್ಟ್ ಸಿಂಪಡಿಸಿ. ಜೊತೆಗೆ ಬೇವಿನೆಣ್ಣೆಯನ್ನೂ ಹೊಡೆದುಬಿಡಿ, ನುಸಿ ಇದ್ದರೆ ಹೋಗುತ್ತದೆ.

ಮಾಗಿಹೂವು:
ಎರಡೂ ಬೇಡ, ಅದರಲ್ಲೂ ಬೇವಿನೆಣ್ಣೆ ಈಗ ಖಂಡಿತ ಬೇಡ. ಬಿಸಿಲಿಗೆ ಒಗ್ಗದ ಎಲೆಯ ಮೇಲೆ ಎಣ್ಣೆ ಬಿದ್ದರೆ ಉಳಿದ ಹಸಿರೂ ಸುಡುತ್ತದೆ. ಮೆಗ್ನೀಸಿಯಂ ಕೊರತೆ ಮೊದಲು ಕಾಣುವುದು ಕೆಳಗಿನ ಹಳೆ ಎಲೆಗಳಲ್ಲಿ, ನರ ಹಸಿರಾಗಿದ್ದು ನಡುವೆ ಹಳದಿಯಾಗಿ. ಅದೂ ಎರಡು ದಿನದಲ್ಲಿ ಬರುವುದಲ್ಲ.

ಒಂದು ಎಲೆ ಇನ್ನೊಂದರ ಮೇಲೆ ಒರಗಿದ್ದ ಜಾಗ ನೋಡಿ. ಕೆಳಗಿನ ಎಲೆಯಲ್ಲಿ ಮೇಲಿನದರ ನೆರಳಿನ ಆಕಾರದಲ್ಲೇ ಹಸಿರು ಉಳಿದು, ಸುತ್ತ ಬಿಳಿಯಾಗಿದ್ದರೆ ಅದು ಬಿಸಿಲಿನ ಸುಡು. ನುಸಿಯಾದರೆ ಸೂಜಿ ಚುಚ್ಚಿದಂಥ ಚುಕ್ಕಿ, ಎಲೆಯಡಿ ತೆಳು ಬಲೆ. ಹೊಸ ಚಿಗುರು ಹಳದಿಯಾಗಿ ನರ ಮಾತ್ರ ಹಸಿರಿದ್ದರೆ ಕಬ್ಬಿಣ ಸಿಗುತ್ತಿಲ್ಲ ಎಂದು. ಗಡಸು ಬೋರ್‌ವೆಲ್ ನೀರಿಗೆ ಮಣ್ಣಿನ ಪಿಎಚ್ ಏರಿದಾಗ ಹಾಗಾಗುತ್ತದೆ. ಅದು ನಿಮಗೆ ಮುಂದೆ ಬರಬಹುದು, ಈಗಿನದು ಅದಲ್ಲ.

ತಾರಸಿಮಣ್ಣು:
ನೆರಳಿನ ಆಕಾರ ಹಾಗೆಯೇ ಇದೆ. ಚುಕ್ಕಿ, ಬಲೆ ಇಲ್ಲ. ಆದರೆ ಒಳಗೆ 18 ಗಂಟೆ ಬೆಳಕಿನಲ್ಲಿದ್ದ ಗಿಡಕ್ಕೆ 12 ಗಂಟೆಯ ಬಿಸಿಲು ಹೆಚ್ಚಾಗುವುದು ಹೇಗೆ?

ಮಾಗಿಹೂವು:
ಗಂಟೆ ಹೆಚ್ಚಿತ್ತು, ತೀಕ್ಷ್ಣತೆ ಇರಲಿಲ್ಲ. ಮನೆಯ ಗ್ರೋ ಲೈಟ್ ಕೆಳಗೆ ಎಲೆಮಟ್ಟದಲ್ಲಿ ಸಾಮಾನ್ಯವಾಗಿ 10,000 ಲಕ್ಸ್ ಆಸುಪಾಸು ಇರುತ್ತದೆ. ಮಾರ್ಚ್ ಮಧ್ಯಾಹ್ನದ ತಾರಸಿಯಲ್ಲಿ 1,00,000. ಸಾಮಾನ್ಯ ಎಲ್‌ಇಡಿಯಲ್ಲಿ ಅತಿನೇರಳೆ ಕಿರಣ ಇಲ್ಲವೆನ್ನುವಷ್ಟು ಕಡಿಮೆ, ಹಾಗಾಗಿ ಎಲೆಯ ಮೇಣದ ಪದರವೂ ತೆಳು. ಬಳಸಲಾಗದಷ್ಟು ಬೆಳಕು ಒಮ್ಮೆಲೇ ನುಗ್ಗಿದರೆ ಎಲೆಯ ಹಸಿರೇ ಸುಟ್ಟುಹೋಗುತ್ತದೆ. ಬಿಳಿಯಾದ ಭಾಗ ಮತ್ತೆ ಹಸಿರಾಗದು. ಆದರೂ ಅರ್ಧ ಹಸಿರಿರುವ ಎಲೆಗಳನ್ನು ಕೀಳಬೇಡಿ, ಹೊಸ ಎಲೆ ಬರುವವರೆಗೆ ಗಿಡಕ್ಕೆ ಅನ್ನ ಅವೇ.

ಬಾಡುವುದು ಬೇರೆ ಲೆಕ್ಕ. ಮುಚ್ಚಳದೊಳಗೆ 25 ಡಿಗ್ರಿ, ತೇವ ಶೇ. 85 ಇದ್ದರೆ ಗಾಳಿ ಎಲೆಯಿಂದ ನೀರೆಳೆಯುವ ಜೋರು ಸುಮಾರು 0.5 ಕಿಲೋಪಾಸ್ಕಲ್. ಹೊರಗೆ 34 ಡಿಗ್ರಿ, ತೇವ ಶೇ. 25 ಆದಾಗ ಅದು 4. ಎಂಟು ಪಟ್ಟು! ತೇವದಲ್ಲೇ ಬೆಳೆದ ಎಲೆಗೆ ತನ್ನ ರಂಧ್ರಗಳನ್ನು ಸರಿಯಾಗಿ ಮುಚ್ಚಿಕೊಳ್ಳುವ ಅಭ್ಯಾಸವೇ ಆಗಿರುವುದಿಲ್ಲ.

ಕೆಮ್ಮಣ್ಣು:
ಬಾಡುವುದಕ್ಕೆ ಇನ್ನೊಂದು ಕಾರಣ ಪ್ಲಗ್. ಮಣ್ಣು ಒದ್ದೆ ಎಂದಿರಿ, ಎಲ್ಲಿ ಮುಟ್ಟಿ ನೋಡಿದಿರಿ? ಕುಂಡದ ಅಂಚಿನಲ್ಲಿ ಮುಟ್ಟಿದರೆ ಸಾಲದು. ಗಿಡದ ಬುಡದಲ್ಲೇ ಕಡ್ಡಿ ಚುಚ್ಚಿ, ನಿಧಾನ ಹೊರತೆಗೆದು ನೋಡಿ. ನಯವಾದ ಕೆಂಪುಮಣ್ಣು ಕೋಕೋಪೀಟಿನ ನೀರನ್ನು ತನ್ನ ಕಡೆ ಸೆಳೆದುಕೊಳ್ಳುತ್ತದೆ, ವಾಪಸ್ ಕೊಡುವುದಿಲ್ಲ. ಬೇರೆಲ್ಲ ಇನ್ನೂ ಪ್ಲಗ್ಗಿನೊಳಗೇ ಇರುವುದರಿಂದ ಒದ್ದೆ ಕುಂಡದ ನಡುವೆ ಕೂತು ಗಿಡ ಒಣಗುತ್ತದೆ. ಪ್ಲಗ್ಗಿನ ತಲೆ ಮಣ್ಣಿನಿಂದ ಹೊರಗಿದ್ದರಂತೂ ಅಲ್ಲಿಂದಲೇ ನೀರು ಆರಿಹೋಗುತ್ತದೆ.

ಪ್ಲಗ್ಗಿನ ಮೇಲೆ ಅರ್ಧ ಸೆಂ.ಮೀ. ಮಣ್ಣು ಮುಚ್ಚಿ. ಅದಕ್ಕಿಂತ ಆಳ ಬೇಡ, ಕಾಂಡ ಕೊಳೆಯುತ್ತದೆ. ನೀರನ್ನು ಬೆಳಿಗ್ಗೆ ಎಂಟರೊಳಗೆ ಬುಡಕ್ಕೇ ನಿಧಾನ ಹಾಕಿ, ಹತ್ತು ನಿಮಿಷ ಬಿಟ್ಟು ಇನ್ನೊಮ್ಮೆ. ಮುಂದಿನ ಟ್ರೇಗೆ ಕೆಂಪುಮಣ್ಣು, ಮಾಗಿದ ಗೊಬ್ಬರ, ತೊಳೆದ ಕೋಕೋಪೀಟ್ ಸಮಪಾಲು ಹಾಕಿ. ಆಗ ಪ್ಲಗ್ಗಿಗೂ ಮಣ್ಣಿಗೂ ಅಷ್ಟು ಅಂತರ ಇರುವುದಿಲ್ಲ.

ಕಪ್ಪು ಕುಂಡ ನೇರ ಕಾಂಕ್ರೀಟ್ ಮೇಲಿದ್ದರೆ ಇಟ್ಟಿಗೆ ಮೇಲೆ ಎತ್ತಿಡಿ, ಪಡುವಣ ಬಿಸಿಲು ಬೀಳುವ ಕಡೆ ಗೋಣಿ ಸುತ್ತಿ. ಬೇರಿನ ಹತ್ತಿರ 40 ಡಿಗ್ರಿ ದಾಟಿದರೆ ಎಷ್ಟು ನೀರು ಕೊಟ್ಟರೂ ಬಾಡುತ್ತದೆ.

ತಾರಸಿಮಣ್ಣು:
ಕಡ್ಡಿ ಒಣಗಿಯೇ ಬಂತು. ಸರಿ, ಹಾಗಾದರೆ ಮೊಗ್ಗು ಬಂದದ್ದು ಈ ಸಂಕಟದಿಂದಲೇ?

ಮಾಗಿಹೂವು:
ಅಲ್ಲ. ಗಿಡ ಎಷ್ಟೇ ಆರೋಗ್ಯವಾಗಿದ್ದರೂ ಮೊಗ್ಗು ಬರುತ್ತಿತ್ತು. ಸೇವಂತಿಗೆ ರಾತ್ರಿಯ ಉದ್ದ ನೋಡಿ ಹೂ ಕಟ್ಟುವ ಗಿಡ. ಹಗಲು ಸುಮಾರು ಹದಿಮೂರೂವರೆ ಗಂಟೆಗಿಂತ ಕಡಿಮೆಯಾದರೆ ಮೊಗ್ಗಿನ ಕೆಲಸ ಶುರು. ಬೆಂಗಳೂರಿನಲ್ಲಿ ಜೂನ್ 21ರ ಅತಿ ಉದ್ದದ ಹಗಲೂ 13 ಗಂಟೆ ಮುಟ್ಟುವುದಿಲ್ಲ, ಮಾರ್ಚಿನಲ್ಲಿ 12 ಅಷ್ಟೇ. ತಂಪು ದೇಶದವರು ‘ವಸಂತದಲ್ಲಿ ಹೊರಗಿಡಿ, ಶರತ್ಕಾಲದವರೆಗೆ ಬೆಳೆಯುತ್ತದೆ’ ಎಂದು ಬರೆದ ಕ್ಯಾಲೆಂಡರ್ ನಮಗೆ ಹೊಂದದಿರುವುದು ಇದಕ್ಕೇ. 18 ಗಂಟೆಯಿಂದ 12ಕ್ಕೆ ಇಳಿಸಿದಿರಿ, ಎರಡು ಮೂರು ವಾರಕ್ಕೆ ಮೊಗ್ಗು ಕಣ್ಣಿಗೆ ಬಿತ್ತು.

ಆ ನಾಲ್ಕು ಕುಂಡಗಳ ಹತ್ತಿರ ಬೀದಿದೀಪ ಇದೆಯೇ?

ತಾರಸಿಮಣ್ಣು:
ಇದೆ! ಪೂರ್ವದ ರಸ್ತೆಯ ಕಂಬ ಪ್ಯಾರಾಪೆಟ್ಟಿಗಿಂತ ತುಸು ಮೇಲಿದೆ. ರಾತ್ರಿಯಿಡೀ ಬೆಳಕು ಆ ಮೂಲೆಗೆ ಬೀಳುತ್ತದೆ.

ಮಾಗಿಹೂವು:
ಹಾಗಾದರೆ ಆ ನಾಲ್ಕಕ್ಕೆ ರಾತ್ರಿಯೇ ಆಗಿಲ್ಲ. ಅದನ್ನೇ ಉಳಿದವಕ್ಕೂ ಬೇಕೆಂದೇ ಮಾಡಬೇಕು.

ರಾತ್ರಿ 10ರಿಂದ 2ರವರೆಗೆ ದೀಪ. 9 ವ್ಯಾಟಿನ ವಾರ್ಮ್ ವೈಟ್ ಎಲ್‌ಇಡಿ ಬಲ್ಬ್, ಚಿಗುರಿನಿಂದ 1.2 ಮೀಟರ್ ಎತ್ತರದಲ್ಲಿ, ಮೀಟರಿಗೊಂದು. ಚಿಗುರಿನ ಮಟ್ಟದಲ್ಲಿ ಸುಮಾರು 100 ಲಕ್ಸ್ ಸಿಕ್ಕರೆ ಸಾಕು. ಸಂಜೆ ಹಗಲನ್ನು ಎಳೆಯುವುದಕ್ಕಿಂತ ನಡುರಾತ್ರಿ ಕತ್ತಲನ್ನು ಮುರಿಯುವುದು ಅಗ್ಗ, ಪರಿಣಾಮವೂ ಖಚಿತ. ಹೂ ಬೆಳೆಗಾರರ ಪಾಲಿಹೌಸ್‌ಗಳಲ್ಲಿ ರಾತ್ರಿ ಬಲ್ಬ್ ಉರಿಯುವುದು ಇದಕ್ಕೇ. ಟೈಮರ್ ಹಾಕಿ, ಕೈಯಲ್ಲಿ ಮಾಡಲು ಹೋದರೆ ಯಾವುದೋ ರಾತ್ರಿ ಮರೆಯುತ್ತೀರಿ.

ನಾಲ್ಕೈದು ರಾತ್ರಿ ದೀಪ ಕೊಟ್ಟ ಮೇಲೆ ಚಿವುಟಿ. ಮೊಗ್ಗನ್ನಷ್ಟೇ ಕಿತ್ತರೆ ಉಪಯೋಗವಿಲ್ಲ, ಅದರ ಕೆಳಗಿನ ಕಂಕುಳ ಚಿಗುರುಗಳೂ ಆಗಲೇ ಹೂವಿಗೆ ತಿರುಗಿರುತ್ತವೆ. ಬುಡದಿಂದ ನಾಲ್ಕೈದು ಒಳ್ಳೆಯ ಎಲೆ ಬಿಟ್ಟು ಮೇಲಿನದೆಲ್ಲ ಕತ್ತರಿಸಿ. ಬಾಡುತ್ತಿರುವ ಗಿಡಕ್ಕೆ ಕತ್ತರಿ ಬೇಡ, ಮೊದಲು ಪ್ಲಗ್ ಸರಿಮಾಡಿ ಗಿಡ ನಿಲ್ಲಲಿ. ಹೊಸ ಎಲೆ ಬಿಚ್ಚಿದ ಮೇಲೆ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮವಾಗಿರುವ, ನೀರಲ್ಲಿ ಕರಗುವ ಗೊಬ್ಬರ) ಲೀಟರಿಗೆ 1 ಗ್ರಾಂ, ವಾರಕ್ಕೊಮ್ಮೆ.

ಹೂ ಯಾವಾಗ ಬೇಕೋ ಅಲ್ಲಿಂದ ಒಂಬತ್ತು ವಾರ ಹಿಂದಕ್ಕೆ ಎಣಿಸಿ ದೀಪ ನಿಲ್ಲಿಸಿ. ಆಯುಧಪೂಜೆ ಅಕ್ಟೋಬರ್ ಮೊದಲ ವಾರ ಬರುವ ವರ್ಷವಾದರೆ ಜುಲೈ ಕೊನೆ. ಆಗ ಬೀದಿದೀಪದ ಮೂಲೆಯ ನಾಲ್ಕನ್ನು ಕತ್ತಲಿಗೆ ಸರಿಸದಿದ್ದರೆ ಅವು ಎಲೆ ಬಿಡುತ್ತಲೇ ಇರುತ್ತವೆ.

ಕೆಮ್ಮಣ್ಣು:
ಒಳಗಿರುವ ಟ್ರೇಗೆ: ಮೂರು ನಾಲ್ಕು ದಿನ ಮುಚ್ಚಳವನ್ನು ದಿನಕ್ಕಿಷ್ಟು ಹೆಚ್ಚು ತೆರೆಯುತ್ತ ಬನ್ನಿ, ಸಣ್ಣ ಫ್ಯಾನ್ ಕಡಿಮೆ ವೇಗದಲ್ಲಿ ಓಡಲಿ. ಗಾಳಿಗೆ ಅಲ್ಲಾಡಿದರೆ ಕಾಂಡ ಗಟ್ಟಿಯಾಗುತ್ತದೆ. ಆಮೇಲೆ ಹೊರಗೆ ಶೇ. 75ರ ಶೇಡ್ ನೆಟ್ ಕೆಳಗೆ ಮೂರು ದಿನ. ಮತ್ತೆ ಮೂರು ದಿನ ಬೆಳಿಗ್ಗೆ ಎಂಟೂವರೆವರೆಗೆ ನೇರ ಬಿಸಿಲು, ಉಳಿದ ಹೊತ್ತು ನೆಟ್. ಆಮೇಲೆ ಹತ್ತರವರೆಗೆ. ಮೇ ಮುಗಿಯುವವರೆಗೂ ಹನ್ನೊಂದರಿಂದ ನಾಲ್ಕರ ತನಕ ಶೇ. 50ರ ನೆಟ್ ತೆಗೆಯಬೇಡಿ. ಮೋಡದ ದಿನವನ್ನು ಈ ಲೆಕ್ಕಕ್ಕೆ ಸೇರಿಸಬೇಡಿ, ಮರುದಿನ ಬಿಸಿಲು ಬಂದಾಗ ಮತ್ತೆ ಅದೇ ಸುಡು. ರಾತ್ರಿದೀಪ ಮಾತ್ರ ಹೊರಗಿಟ್ಟ ಮೊದಲ ರಾತ್ರಿಯಿಂದಲೇ ಬೇಕು.

ತಾರಸಿಮಣ್ಣು:
ಒಳಗಿನ ನೇರಳೆ ಬಣ್ಣದ ಗ್ರೋ ಲೈಟನ್ನೇ ರಾತ್ರಿ ಬಳಸಬಹುದೇ?

ಮಾಗಿಹೂವು:
ಬಳಸಬಹುದು. ರಾತ್ರಿ ಮುರಿಯುವ ಕೆಲಸ ಮಾಡುವುದು ಮುಖ್ಯವಾಗಿ ಕೆಂಪು ಬೆಳಕು, ಅದು ಅದರಲ್ಲಿ ಧಾರಾಳವಾಗಿದೆ. ಲಕ್ಸ್ ಅಳತೆ ಮಾತ್ರ ನಂಬಬೇಡಿ. ಲಕ್ಸ್ ಇರುವುದು ಮನುಷ್ಯನ ಕಣ್ಣಿನ ಲೆಕ್ಕಕ್ಕೆ, ನೇರಳೆ ಬೆಳಕನ್ನು ಅದು ತೀರ ಕಡಿಮೆ ತೋರಿಸುತ್ತದೆ. ಮಳೆ ಶುರುವಾಗುವ ಮುಂಚೆ ಹೊರಾಂಗಣಕ್ಕೆ ತಕ್ಕ ಹೋಲ್ಡರ್ ಮತ್ತು ವೈರ್ ಹಾಕಿಸಿ, ಒಳಗಿನ ಫಿಟ್ಟಿಂಗ್ ತಾರಸಿಯ ನೀರಿಗೆ ತಡೆಯುವಂಥದ್ದಲ್ಲ.